ಕಬ್ಬಿಣವೂ ಕಷಾಯವೂ

ಬಾಳೆಕಾಯನ್ನು ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದರೆ ಅಲಗೂ ಕಪ್ಪಾಗುವುದು, ಹೆಚ್ಚಿದವರ ಬೆರಳೂ ಕಪ್ಪಾಗುವುದು. ಮಲೆನಾಡಿನಲ್ಲಿ ಅಡಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಗಲಿದರೂ ಇದೇ ಸಂಗತಿ. ಹಿಂದೆ ಅಳಲೆಕಾಯಿಯನ್ನು ಕುದಿಸಿ, ಸೋಸಿ, ಅದಕ್ಕೆ ಅನ್ನಭೇದಿಯನ್ನು ಕದಡಿ, ಬರೆಯುವ ಮಸಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ವಾಡಿಕೆಯಿದ್ದಿತು. ಅನ್ನಭೇದಿಯೆಂಬುದು ಕಬ್ಬಿಣದ ಒಂದು ಲವಣವೇ ಹೊರತು ಬೇರೆಯಲ್ಲ. ಈ ಮೂರಕ್ಕೂ ಕಾರಣವೊಂದೇ. ಗಿಡಮರಗಳ ಒಗರಿನಲ್ಲಿ ಟ್ಯಾನಿನ್ ಮೊದಲಾದ ಕೆಲವು ದ್ರವ್ಯಗಳಿವೆ. ರಸಾಯನಶಾಸ್ತ್ರಜ್ಞರು ಇವನ್ನು ಒಟ್ಟಾಗಿ ಪಾಲಿಫೀನಾಲುಗಳೆಂದು ಕರೆಯುವರು. ಇವುಗಳ ಅಣುವಿನಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವ ಆಮ್ಲಜನಕದ ಪರಮಾಣುಗಳು ಇಕ್ಕುಳದ ಎರಡು ತುದಿಗಳಂತೆ ಕಬ್ಬಿಣವನ್ನು ಹಿಡಿದುಕೊಳ್ಳುವುವು. ಹಿಡಿದೊಡನೆ ಕಪ್ಪು ಬಣ್ಣವು ತಲೆದೋರುವುದು. ಊಟದೊಡನೆ ಕಾಫಿಯನ್ನೋ ಚಹವನ್ನೋ ಕುಡಿದರೆ ಆಹಾರದೊಳಗಿನ ಕಬ್ಬಿಣವು ಮೈಗೆ ಸರಿಯಾಗಿ ಹತ್ತದೆಂದು ವೈದ್ಯರು ಹೇಳುವುದಕ್ಕೂ ಇದೇ ಮೂಲ. ಬಸುರಿಯರು ಕಬ್ಬಿಣದ ಗುಳಿಗೆಯನ್ನು ಕಾಫಿಯೊಡನೆ ನುಂಗುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ನಿಂಬೆಹಣ್ಣಿನ ಪಾನಕದೊಡನೆ ನುಂಗುವುದು ಮೇಲು.

ಒಗರಿಗೂ ಕಬ್ಬಿಣಕ್ಕೂ ಇರುವ ಈ ನಂಟನ್ನು ಪರೀಕ್ಷೆಗೆ ಉಪಯೋಗಿಸಿಕೊಳ್ಳಬಹುದೆಂಬುದು ಹಳೆಯ ತಿಳಿವಳಿಕೆಯೇ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ಪ್ಲಿನಿಯೆಂಬ ರೋಮನ್ ಪಂಡಿತನು, ತಾಮ್ರದ ಕಿಲುಬಿಗೆ ಅನ್ನಭೇದಿಯನ್ನು ಬೆರಸಿ ಮಾರುವವರ ಮೋಸವನ್ನು ಕಂಡುಹಿಡಿಯಲು ಒಗರುಕಾಯಿಯ ರಸದಲ್ಲಿ ನೆನೆಸಿದ ಕಾಗದವನ್ನು ಸೋಕಿಸಿ ನೋಡಬೇಕೆಂದು ಬರೆದಿಟ್ಟಿದ್ದಾನೆ. ಕಾಗದವು ಕಪ್ಪಾದರೆ ಬೆರಕೆಯುಂಟೆಂದು ಅರ್ಥ. ಅಲ್ಲಿ ಒಗರಿನಿಂದ ಕಬ್ಬಿಣವನ್ನು ಕಂಡುಹಿಡಿದರು. ಈಗಿನವರು ಅದನ್ನು ತಿರುಗಿಸಿ ಕಬ್ಬಿಣದಿಂದ ಒಗರನ್ನು ಕಂಡುಹಿಡಿಯುವ, ಅಷ್ಟೇ ಅಲ್ಲದೆ ಎಷ್ಟಿದೆಯೆಂದು ಅಳೆಯುವ, ಯತ್ನದಲ್ಲಿದ್ದಾರೆ. ಈ ತಿಂಗಳು ನಾವು ಹೇಳಹೊರಟಿರುವುದು ಆ ಯತ್ನದ ವಿಚಾರವನ್ನೇ. ಅಂಗಡಿಯಿಂದ ತಂದ ಅರಿಶಿನದ ಪೊಟ್ಟಣದಲ್ಲಿ ಅರಿಶಿನವೆಷ್ಟು, ಚೂರ್ಣದ ಡಬ್ಬಿಯಲ್ಲಿ ಮೂಲಿಕೆಯೆಷ್ಟು ಎಂದು ಕೇಳುವ ಹಕ್ಕು ಗೃಹಸ್ಥರಿಗೆ ಇದ್ದೇ ಇದೆ. ಉತ್ತರವನ್ನು ಹೇಳತಕ್ಕ ಸಾಧನವು ಮಾತ್ರ ಇದುವರೆಗೆ ಅವರ ಕೈಗೆ ಎಟುಕಿಲ್ಲ.

ಮೊದಲು ಕಬ್ಬಿಣದ ಮಾತು. ಇಲ್ಲಿ ಬೇಕಾದುದು ಶುದ್ಧವಾದ ಕಬ್ಬಿಣವಲ್ಲ, ಆಮ್ಲಜನಕದೊಡನೆ ಕೂಡಿದ ಕಬ್ಬಿಣ, ಅಂದರೆ ಅದರ ಆಕ್ಸೈಡು. ಇದರಲ್ಲಿ ಕೆಂಪು, ಕರಿದು ಎಂದು ಎರಡು ಬಗೆಗಳು ಮುಖ್ಯವಾದುವು. ಕೆಂಪಿನದು ಹೆಮಟೈಟು, ಬಳ್ಳಾರಿ ಸಂಡೂರುಗಳ ಅದಿರು ಇದೇ. ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದದ್ದೂ, ೧೯೨೩ರಲ್ಲಿ ಕೆಲಸವಾರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅಲ್ಲಿಂದ ಅದಿರು ಹೋಗುತ್ತಿದ್ದದ್ದೂ ಇದರಿಂದಲೇ. ಬೆಂಗಳೂರಿನ ಹಳೆಯ ಮನೆಗಳಲ್ಲಿ ಕನ್ನಡಿಯಂತೆ ಹೊಳೆಯುವ ಕೆಂಪು ನೆಲಗಳುಂಟಷ್ಟೆ. ಆ ನೆಲಗಳ ಬಣ್ಣವೂ ಕಬ್ಬಿಣದ ಆಕ್ಸೈಡೇ. ಕರಿಯ ಬಗೆಯದು ಮ್ಯಾಗ್ನಟೈಟು. ಕುದುರೆಮುಖದ ಬೆಟ್ಟಗಳಲ್ಲಿ ೨೦೦೫ರ ಕೊನೆಯ ವರೆಗೆ ತೆಗೆಯುತ್ತಿದ್ದ ಅದಿರು ಇದು. ಇದಕ್ಕೆ ಅಯಸ್ಕಾಂತದ ಗುಣವುಂಟು. ಅಯಸ್ಸಿಗೆ, ಎಂದರೆ ಕಬ್ಬಿಣಕ್ಕೆ, ಕಾಂತನಾದುದು ಅಯಸ್ಕಾಂತ; ನಮ್ಮ ಹಿರಿಯರು ಹೆಸರಿಡುವಾಗ ರಸಿಕರಾಗಿದ್ದರೆಂಬುದರಲ್ಲಿ ಸಂದೇಹವಿಲ್ಲ. ಕಷಾಯವೆಂಬ ಮಾತನ್ನಾದರೂ ನೋಡಿರಿ. ಷಡ್ರಸಗಳಲ್ಲಿ ಒಗರಿಗೆ ಕಷಾಯವೆಂದು ಹೆಸರು. ಮೂಲಿಕೆಗಳನ್ನು ಕುದಿಸಿ ಇಳಿಸಿದ ನೀರಿಗೂ ಅದೇ ಹೆಸರು. ಸಂನ್ಯಾಸಿಗಳ ಕಾವಿಯ ಬಟ್ಟೆಗೆ ಕಾಷಾಯವೆಂದು ಹೆಸರು. ಗಿಡದ ಒಗರೂ ಕೆಮ್ಮಣ್ಣಿನ ಬಣ್ಣವೂ ಒಂದೇ ಮಾತಿನಲ್ಲಿ ಹೀಗೆ ನೆರೆಹೊರೆಯಾಗಿ ಕುಳಿತಿವೆ.

ವೈದ್ಯರ ಲೋಹಭಸ್ಮ, ಮಂಡೂರಭಸ್ಮಗಳೂ ಬಹುಮಟ್ಟಿಗೆ ಕಬ್ಬಿಣದ ಆಕ್ಸೈಡುಗಳೇ. ಅವನ್ನು ತ್ರಿಫಲಾ ಕಷಾಯದಲ್ಲಿ ಅರೆದು ಮತ್ತೆ ಮತ್ತೆ ಪುಟವಿಡುವ ಪದ್ಧತಿಯುಂಟು. ಅಷ್ಟುಮಾತ್ರದಿಂದ ಪೂರ್ವಿಕರಿಗೆ ನ್ಯಾನೋವಿಜ್ಞಾನವು ಕರತಲಾಮಲಕವಾಗಿತ್ತೆಂದು ಸಾರುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಕಬ್ಬಿಣವೂ ಒಗರೂ ಕೂಡಬಲ್ಲವೆಂಬುದನ್ನು ಅವರು ಕೈಯಿಂದ ಮಾಡಿ ಬಲ್ಲವರಾಗಿದ್ದರು, ಅಷ್ಟೆ.

ನ್ಯಾನೋ ಎಂದೆವು. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ತಲೆಯ ಕೂದಲಿನ ದಪ್ಪವು ಸುಮಾರು ೮೦,೦೦೦ ನ್ಯಾನೋಮೀಟರು. ಪದಾರ್ಥವನ್ನು ಇಷ್ಟು ನುಣುಪಾಗಿ ಮಾಡುವುದರಿಂದ ಏನು ಪ್ರಯೋಜನವೆಂಬುದನ್ನು ನಿವೇಶನಗಳ ಲೆಕ್ಕದಿಂದ ತಿಳಿಸುವೆವು. ನಮ್ಮ ನಾಗಸಂದ್ರದಲ್ಲಿ ಎಲ್ಲರಿಗೂ ಚೆನ್ನಾಗಿ ಬರುವ ಲೆಕ್ಕ ಅದೊಂದೇ. ಒಂದು ಸೆಂಟಿಮೀಟರು ಅಂಚುಳ್ಳ ಒಂದು ಘನವನ್ನು ತೆಗೆದುಕೊಳ್ಳಿರಿ. ಅದಕ್ಕೆ ಆರು ಮುಖಗಳು. ಮೇಲ್ಮೈಯ ಅಳತೆ ೬ ಚದರ ಸೆಂಟಿಮೀಟರು. ಅದನ್ನೇ ೧೦ ನ್ಯಾನೋಮೀಟರು ಅಂಚಿನ ಘನಗಳಾಗಿ ಕತ್ತರಿಸಿದರೆ, ತೂಕವು ಎಳ್ಳಷ್ಟೂ ಹೆಚ್ಚದೆ, ಮೇಲ್ಮೈ ಮಾತ್ರ ೬೦ ಲಕ್ಷ ಚದರ ಸೆಂಟಿಮೀಟರಾಗುವುದು. ಎಂದರೆ ೬೦೦ ಚದರ ಮೀಟರು. ಮೂವತ್ತು ನಲವತ್ತು ಅಡಿಯ ಐದು ನಿವೇಶನಗಳನ್ನು ಹಾಸಿ ಇನ್ನೂ ಮಿಗುವಷ್ಟು ಜಾಗ. ಒಗರಿನ ಅಣುಗಳು ಬಂದು ಕುಳಿತುಕೊಳ್ಳುವುದು ಮೇಲ್ಮೈಯಲ್ಲಿ. ಜಾಗ ಹೆಚ್ಚಿದಷ್ಟೂ ಅತಿಥಿಗಳು ಹೆಚ್ಚು.

ಇಂಥ ಪುಡಿಯನ್ನು ಅರೆದು ಮಾಡುವುದಲ್ಲ, ದ್ರಾವಣದಿಂದ ಹುಟ್ಟಿಸುವುದು. ಕಬ್ಬಿಣದ ಎರಡು ಬಗೆಯ ಲವಣಗಳನ್ನು ಎರಡಕ್ಕೊಂದರಂತೆ ನೀರಿನಲ್ಲಿ ಕರಗಿಸಿ, ಅಮೋನಿಯದಂಥ ಕ್ಷಾರವನ್ನು ಹಾಕಿದರೆ ಕಾಡಿಗೆಯಂಥ ಗಸಿಯು ಒಡನೆಯೇ ಬೀಳುವುದು. ಫ್ರಾನ್ಸ್ ದೇಶದ ಮಸ್ಸಾರನು ೧೯೮೧ರಲ್ಲಿ ಪ್ರಕಟಿಸಿದ ವಿಧಾನವಿದು. ಪಾತ್ರೆಯ ಹೊರಗೆ ಅಯಸ್ಕಾಂತವನ್ನು ಹಿಡಿದರೆ ಗಸಿಯೆಲ್ಲವೂ ಆ ಬದಿಗೆ ಓಡಿಬರುವುದು. ಈ ಗುಣವು ಬಹಳ ಅನುಕೂಲವಾದುದು. ಕಷಾಯದಲ್ಲಿ ಪುಡಿಯನ್ನು ಕದಡಿ, ಬೇಕಾದ ದ್ರವ್ಯವು ಅದಕ್ಕೆ ಅಂಟಿದ ಮೇಲೆ ಅಯಸ್ಕಾಂತದಿಂದ ಒಂದೆಡೆಗೆ ಸೆಳೆದು, ಉಳಿದ ರಾಡಿಯನ್ನು ಬಸಿದುಬಿಡಬಹುದು.

ಇನ್ನು ಅಳೆಯುವ ಬಗೆ. ಪಾಲಿಫೀನಾಲುಗಳಿಗೆ ತಮ್ಮ ಎಲೆಕ್ಟ್ರಾನುಗಳನ್ನು ಬೇಗನೆ ಬಿಟ್ಟುಕೊಡುವ ಸ್ವಭಾವವುಂಟು. ಜಾಹೀರಾತುಗಳಲ್ಲಿ ಆಂಟಿಆಕ್ಸಿಡೆಂಟು ಎಂದು ಮೆರೆಯುವ ಗುಣವು ಇದೇ. ಕಷಾಯದಲ್ಲಿ ಒಂದು ವಿದ್ಯುದಗ್ರವನ್ನು ಅದ್ದಿ, ಅದರ ಮೇಲಣ ವಿದ್ಯುದೊತ್ತಡವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋದರೆ, ಒಂದು ಮಟ್ಟಕ್ಕೆ ಬಂದಾಗ ಒಂದು ದ್ರವ್ಯವು ಎಲೆಕ್ಟ್ರಾನುಗಳನ್ನು ಬಿಡುವುದು. ಇನ್ನೂ ಏರಿದಾಗ ಇನ್ನೊಂದು. ಸಾಲ ಕೇಳಲು ಹೋದವನ ಸಂಗತಿಯೂ ಹೀಗೆಯೇ. ಒಬ್ಬ ಸಾಹುಕಾರನು ನೂರಕ್ಕೆ ಎರಡು ಬಡ್ಡಿಯೆಂದೊಡನೆ ಗಂಟು ಬಿಚ್ಚುವನು, ಮತ್ತೊಬ್ಬನು ಐದು ಎನ್ನುವ ವರೆಗೆ ಕದಲನು. ಯಾವ ಬಡ್ಡಿಗೆ ಕೊಟ್ಟನೆಂಬುದರಿಂದ ಸಾಹುಕಾರನಾರೆಂದು ಗೊತ್ತಾಗುವುದು. ಎಷ್ಟು ಕೊಟ್ಟನೆಂಬುದರಿಂದ ಅವನ ಗಂಟಿನ ಗಾತ್ರವು ಗೊತ್ತಾಗುವುದು. ವಿದ್ಯುದೊತ್ತಡವೇ ಬಡ್ಡಿ, ಹರಿದು ಬಂದ ವಿದ್ಯುತ್ತೇ ಹಣ. ಹೀಗೆ ದ್ರಾವಣವನ್ನು ವಿಚಾರಿಸುವ ವಿದ್ಯೆಯನ್ನು ೧೯೨೨ರಲ್ಲಿ ಪ್ರಾಗ್ ನಗರದಲ್ಲಿ ತೋರಿಸಿಕೊಟ್ಟವನು ಹೇರೋವ್‌ಸ್ಕಿ. ಅವನಿಗೆ ೧೯೫೯ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ವಿದ್ಯುದಗ್ರವೆಂದೊಡನೆ ಚಿನ್ನ ಪ್ಲಾಟಿನಂಗಳ ಒಡವೆಯೇ ಆಗಬೇಕಾಗಿಲ್ಲ. ಪೆನ್ಸಿಲಿನ ಸೀಸವೆಂದು ನಾವು ಕರೆಯುವ ಗ್ರಾಫೈಟಿನ ಪುಡಿಯನ್ನು ಎಣ್ಣೆಯಲ್ಲಿ ನಾದಿ, ಚಪಾತಿಯ ಕಣಕದಂತೆ ಮಾಡಿ, ಸಣ್ಣ ಕೊಳವೆಯೊಳಗೆ ತುಂಬಿ, ತುದಿಯನ್ನು ಕಾಗದದ ಮೇಲೆ ಉಜ್ಜಿ ನಯಮಾಡಿದರೆ ಒಳ್ಳೆಯ ವಿದ್ಯುದಗ್ರವು ಸಿದ್ಧವಾಯಿತು. ಅಮೆರಿಕದ ಆಡಮ್ಸನು ೧೯೫೮ರಲ್ಲಿ ಕಂಡುಹಿಡಿದ ಉಪಾಯವಿದು. ಭದ್ರಾವತಿಯ ಕಬ್ಬಿಣದ ಪ್ರಸ್ತಾಪವು ಮೇಲೆ ಬಂದಿತಷ್ಟೆ. ಅದೇ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಈ ಕಣಕದ ವಿದ್ಯುದಗ್ರಗಳನ್ನೇ ನಾನಾ ವಿಧವಾಗಿ ಮಾರ್ಪಡಿಸಿ, ಶರೀರದೊಳಗಿನ ದ್ರವ್ಯಗಳನ್ನೂ ಔಷಧಗಳನ್ನೂ ಅಳೆಯುವ ಕೆಲಸವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಕೋಟಿಗಟ್ಟಲೆ ಹಣವಿಲ್ಲದ ಪ್ರಯೋಗಶಾಲೆಯಲ್ಲಿಯೂ ನಡೆಯಬಹುದಾದ ವಿಜ್ಞಾನವಿದೆಂಬುದು ನಮಗೆ ಬಹಳ ಮೆಚ್ಚಿಕೆಯಾದ ಅಂಶ.

ಇಂಗಾಲದ ತುದಿಗೆ ಕಬ್ಬಿಣದ ಆಕ್ಸೈಡನ್ನು ಸೇರಿಸುವುದೇತಕ್ಕೆಂದರೆ, ಒಗರಿನ ಅಣುಗಳನ್ನು ಮಸಿಯಲ್ಲಿ ಹಿಡಿದಂತೆಯೇ ಇಲ್ಲಿಯೂ ಹಿಡಿದು ನಿಲ್ಲಿಸುವುದಕ್ಕೆ. ನೀರಿನಲ್ಲಿ ಚದರಿಹೋಗಿದ್ದ ದ್ರವ್ಯವು ತುದಿಯ ಬಳಿ ಗುಂಪುಗೂಡುವುದರಿಂದ ಅತಿಸ್ವಲ್ಪವಿದ್ದರೂ ಗುರುತು ಸಿಕ್ಕುವುದು. ಆದರೆ ಆಕ್ಸೈಡಿಗೆ ಎರಡು ದೋಷಗಳುಂಟು. ವಿದ್ಯುತ್ತನ್ನು ಸಲೀಸಾಗಿ ಸಾಗಿಸದು. ಒದ್ದೆಯಾದ ಅವಲಕ್ಕಿಯಂತೆ ಮುದ್ದೆಗಟ್ಟುವುದು. ಅದಕ್ಕಾಗಿ ಅದನ್ನು ವಿದ್ಯುತ್ತಿಗೆ ಹೆದ್ದಾರಿಯಂತಿರುವ ಗ್ರಾಫೀನಿನ ಹಾಳೆಗಳ ಮೇಲೋ, ಇಂಗಾಲದ ಸೂಕ್ಷ್ಮನಾಳಗಳ ಮೇಲೋ, ಚಿನ್ನದ ಕಣಗಳೊಡನೆಯೋ ಕೂಡಿಸಿ ಬೆಳೆಸುವರು. ಇದಕ್ಕೆ ಸಂಕರದ್ರವ್ಯವೆಂದು ಹೆಸರಿಡಬಹುದು. ಸಂಕರವೆಂದರೆ ಕೆಲವರು ಮುಖ ಸಿಂಡರಿಸಿಕೊಳ್ಳುವರು. ನಾವಾದರೋ ಬಹುವರ್ಷ ಅಲಂಕಾರಶಾಸ್ತ್ರವನ್ನು ಪಾಠ ಹೇಳಿದವರಾದುದರಿಂದ ನಮಗೆ ಹಾಗೆ ತೋರದು. ಎರಡು ಅಲಂಕಾರಗಳು ಎಳ್ಳು ಅಕ್ಕಿಗಳಂತೆ ಬೇರೆ ಬೇರೆ ಕಾಣುತ್ತ ಒಂದೆಡೆ ಸೇರಿದ್ದರೆ ಅದು ಸಂಸೃಷ್ಟಿ; ಹಾಲು ನೀರುಗಳಂತೆ ಬೆರೆತುಹೋಗಿದ್ದರೆ ಅದು ಸಂಕರ. ಪ್ರಯೋಗಶಾಲೆಯಲ್ಲಿಯೂ ಈ ಭೇದವು ಸಲ್ಲುವುದು. ಆಕ್ಸೈಡನ್ನೂ ಇಂಗಾಲವನ್ನೂ ಸುಮ್ಮನೆ ಕಲಸಿದರೆ ಎಳ್ಳಕ್ಕಿಯಾಯಿತು. ನಾಲ್ಕು ಸಲ ಉಪಯೋಗಿಸುವುದರೊಳಗೆ ಪುಡಿಯು ಉದುರಿಹೋಗುವುದು. ಇಂಗಾಲದ ಮೇಲೆಯೇ ಆಕ್ಸೈಡು ಹುಟ್ಟಿ ಬೆಸೆದುಕೊಂಡರೆ ಎಲೆಕ್ಟ್ರಾನು ತಡೆಯಿಲ್ಲದೆ ಸಾಗುವುದು.

ಇದೆಲ್ಲ ಪಂಡಿತರ ಆಟವೆಂದು ತಿಳಿಯಲಾಗದು. ಸಕ್ಕರೆ ರೋಗದವರಿರುವ ಮನೆಗಳಲ್ಲಿ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ಸೋಕಿಸಿ, ಅಂಕಿಯನ್ನು ಓದಿಕೊಳ್ಳುವರಲ್ಲವೆ? ಆ ಪಟ್ಟಿಯೂ ವಿದ್ಯುದಗ್ರವೇ, ಆ ಅಂಕಿಯೂ ವಿದ್ಯುತ್ಪ್ರವಾಹದ ಅಳತೆಯಿಂದ ಬಂದುದೇ. ೧೯೮೭ರಲ್ಲಿ ಬಂದ ಈ ಜಾತಿಯ ಮೊದಲ ಪೆನ್ನಿನಾಕಾರದ ಯಂತ್ರದಲ್ಲಿ ಎಲೆಕ್ಟ್ರಾನುಗಳನ್ನು ಹೊತ್ತು ದಾಟಿಸುವ ಅಂಬಿಗನ ಕೆಲಸವನ್ನು ಮಾಡುತ್ತಿದ್ದದ್ದು ಕಬ್ಬಿಣದ ಒಂದು ಸಂಯುಕ್ತವೇ. ರಕ್ತದ ಸಕ್ಕರೆಗೆ ಸಾಧ್ಯವಾದುದು ಅರಿಶಿನಕ್ಕೇಕೆ ಸಾಧ್ಯವಾಗಬಾರದು ಎಂಬ ಪ್ರಶ್ನೆಯು ನ್ಯಾಯವಾದುದು.

ಅದಕ್ಕೆ ಉತ್ತರವೂ ಇದೆ. ರಕ್ತದ ಪಟ್ಟಿಯಲ್ಲಿ ಸಕ್ಕರೆಯೊಂದನ್ನೇ ಮುಟ್ಟುವ ಕಿಣ್ವವಿರುವುದು. ನಮ್ಮ ಆಕ್ಸೈಡಿಗೆ ಅಷ್ಟು ಮಡಿಯಿಲ್ಲ. ಶುದ್ಧವಾದ ಕ್ವೆರ್ಸೆಟಿನ್ ಎಂಬ ದ್ರವ್ಯವನ್ನು ಶುದ್ಧವಾದ ನೀರಿನಲ್ಲಿ ಕರಗಿಸಿ ಅಳೆದು, ಇಷ್ಟು ಸೂಕ್ಷ್ಮವಾಗಿ ಕಂಡುಹಿಡಿದೆವೆಂದು ಬರೆಯುವುದು ಸುಲಭ. ಈರುಳ್ಳಿಯ ರಸದಲ್ಲಿ ಅದೇ ದ್ರವ್ಯವು ನೂರು ನೆಂಟರೊಡನೆ ಕುಳಿತಿರುವುದು. ಅವರಲ್ಲಿ ಹಲವರು ಹೆಚ್ಚುಕಡಮೆ ಒಂದೇ ಬಡ್ಡಿಗೆ ಸಾಲ ಕೊಡುವವರು; ನಿಂಬೆ ನೆಲ್ಲಿಗಳಲ್ಲಿರುವ ಸಿ ಜೀವಸತ್ವವಂತೂ ಎಲ್ಲರಿಗಿಂತ ಮುಂದಾಗಿ ಕೈಚಾಚುವುದು. ಆಮ್ಲತೆಯನ್ನು ಅಳೆಯುವ ಪಿಎಚ್ ಎಂಬ ಮಾನದಲ್ಲಿ ಒಂದು ಅಂಕ ವ್ಯತ್ಯಾಸವಾದರೆ ಬಡ್ಡಿಯ ದರವೇ ಸುಮಾರು ೫೯ ಮಿಲಿವೋಲ್ಟಿನಷ್ಟು ಸರಿಯುವುದು. ಸಾಲದುದಕ್ಕೆ ಎಲೆಕ್ಟ್ರಾನನ್ನು ಕಳೆದುಕೊಂಡ ಫೀನಾಲುಗಳು ಒಂದಕ್ಕೊಂದು ಅಂಟಿಕೊಂಡು ವಿದ್ಯುದಗ್ರದ ಮೇಲೆ ಅರಗಿನಂತೆ ಪೊರೆಗಟ್ಟುವುವು. ಎರಡನೆಯ ಅಳತೆಯು ಮೊದಲಿನದಕ್ಕಿಂತ ಕಡಮೆ ಬರುವುದು. ಇಂದು ಮಾಡಿದ ವಿದ್ಯುದಗ್ರವೂ ನಾಳೆ ಮಾಡಿದ್ದೂ ಒಂದೇ ಉತ್ತರ ಕೊಡಬೇಕೆಂಬುದು ಇನ್ನೊಂದು ಕಷ್ಟ. ಇವುಗಳ ವಿಚಾರವನ್ನು ಬರೆಯದೆ ಸೂಕ್ಷ್ಮತೆಯ ಅಂಕಿಯನ್ನು ಮಾತ್ರ ಬರೆಯುವ ಲೇಖನವನ್ನು ಕಂಡರೆ, ಅರ್ಧ ಉತ್ತರಪತ್ರಿಕೆಯನ್ನು ಮಾತ್ರ ಕೊಟ್ಟ ವಿದ್ಯಾರ್ಥಿಯ ನೆನಪು ನಮಗೆ ಬರುವುದು.

ಹಾಗಾದರೂ ಈ ಸಾಧನಕ್ಕೆ ತಕ್ಕ ಸ್ಥಳವು ನಮ್ಮ ಬಾಗಿಲಿನಲ್ಲಿಯೇ ಇದೆ. ತುಮಕೂರಿನ ರಸ್ತೆಯ ನಮ್ಮ ನಾಗಸಂದ್ರಕ್ಕೆ ೨೦೧೫ರ ಮೇ ೧ರಂದು ಮೆಟ್ರೋ ರೈಲು ಬಂದಿತು. ೨೦೨೪ರ ನವೆಂಬರ್ ೭ರಂದು ಅದು ಮಾದಾವರದ ವರೆಗೆ ಮುಂದುವರಿಯಿತು. ರೈಲಿನಿಂದ ಕಾಣುವ ಪೀಣ್ಯದ ಚಾವಣಿಗಳ ಕೆಳಗೆ ಕಬ್ಬಿಣ ತಿರುಗಿಸುವ ಲೇತುಗಳೂ, ವಿದ್ಯುತ್ತಿನಿಂದ ಲೋಹಕ್ಕೆ ಮುಲಾಮು ಹಾಕುವ ತೊಟ್ಟಿಗಳೂ ಇವೆಯೆಂಬುದು ಎಲ್ಲರಿಗೂ ತಿಳಿದ ಸಂಗತಿ. ಮೂಲಿಕೆಗಳ ಸಾರವನ್ನು ತೆಗೆಯುವ ಕಾರ್ಖಾನೆಗಳೂ ಈ ಸುತ್ತಿನಲ್ಲಿಯೇ ಇವೆಯೆಂಬುದು ಅಷ್ಟಾಗಿ ತಿಳಿಯದು. ೧೯೯೧ರಲ್ಲಿ ಮುಹಮ್ಮದ್ ಮಜೀದರು ಸ್ಥಾಪಿಸಿದ ಸಾಮಿ ಲ್ಯಾಬ್ಸ್ ಪೀಣ್ಯದಲ್ಲಿದೆ. ಅರಿಶಿನದ ಸಾರವು ಅವರ ಮುಖ್ಯ ಸರಕುಗಳಲ್ಲೊಂದು. ೧೯೩೦ರಲ್ಲಿ ಡೆಹರಾಡೂನಿನಲ್ಲಿ ಹುಟ್ಟಿದ ಹಿಮಾಲಯ ಸಂಸ್ಥೆಯು ಅದೇ ರಸ್ತೆಯ ಮಾಕಳಿಯಲ್ಲಿದೆ. ನ್ಯಾನೋಪದಾರ್ಥಗಳನ್ನೇ ಅಭ್ಯಾಸಮಾಡುವ ಸರ್ಕಾರದ ಕೇಂದ್ರವೊಂದೂ ದೂರವಿಲ್ಲ, ಎಸ್. ಚಂದ್ರಶೇಖರರು ೧೯೯೧ರಲ್ಲಿ ದ್ರವಸ್ಫಟಿಕಗಳಿಗಾಗಿ ಆರಂಭಿಸಿದ ಸಂಸ್ಥೆಯು ಬಹುಕಾಲ ಜಾಲಹಳ್ಳಿಯಲ್ಲಿದ್ದು, ನ್ಯಾನೋ ಮತ್ತು ಮೃದುಪದಾರ್ಥ ವಿಜ್ಞಾನ ಕೇಂದ್ರವೆಂಬ ಹೆಸರಿನಿಂದ ದಾಸನಪುರ ಹೋಬಳಿಯ ಶಿವನಪುರಕ್ಕೆ ಹೋಗಿದೆ. ದೊಡ್ಡ ಕಾರ್ಖಾನೆಗಳಿಗೆ ದ್ರಾವಣವನ್ನು ಸ್ತಂಭದೊಳಗೆ ಹರಿಸಿ ಒಂದೊಂದು ದ್ರವ್ಯವನ್ನೂ ಬೇರ್ಪಡಿಸಿ ಅಳೆಯುವ, ಲಕ್ಷಗಟ್ಟಲೆ ಬೆಲೆಯ ಯಂತ್ರಗಳುಂಟು. ಚಾಮರಾಜನಗರದ ರೈತನಿಗೂ, ಸಂತೆಯ ದಲ್ಲಾಳಿಗೂ, ಹಿಟ್ಟಿನ ಗಿರಣಿಯವನಿಗೂ ಅವಿಲ್ಲ. ಒಂದು ನಿಶ್ಚಿತವಾದ ಸರಕು, ಅದರಲ್ಲಿ ಒಂದು ನಿಶ್ಚಿತವಾದ ದ್ರವ್ಯ, ಒಂದೇ ಕ್ರಮದ ದ್ರಾವಣ ಎಂದು ಗೊತ್ತುಮಾಡಿಕೊಂಡರೆ ಮೇಲೆ ಹೇಳಿದ ಕಷ್ಟಗಳಲ್ಲಿ ಬಹುಪಾಲು ತಗ್ಗುವುವು. ಒಮ್ಮೆ ಉಪಯೋಗಿಸಿ ಎಸೆಯುವ ಪಟ್ಟಿಯಾದರೆ ಪೊರೆಗಟ್ಟುವ ಕಷ್ಟವೂ ಇಲ್ಲ. ಇಲ್ಲಿ ನಮಗೆ ಆಸೆಯುಂಟು.

ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ೧೮೧೫ರಲ್ಲಿ ಬೇರ್ಪಡಿಸಲ್ಪಟ್ಟಿತು. ಅದರ ಅಣುರಚನೆಯು ೧೯೧೦ರಲ್ಲಿ ತಿಳಿಯಿತು. ಸಾಧಾರಣ ಅರಿಶಿನದಲ್ಲಿ ಅದು ನೂರಕ್ಕೆ ಎರಡರಿಂದ ಐದು ಪಾಲಿನಷ್ಟು ಇರುವುದು. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬಿದ್ದೊಡನೆ ಓಕುಳಿ ಕೆಂಪಾಗುವುದೂ ಇದರಿಂದಲೇ. ಇದೂ ಫೀನಾಲುಗಳ ಜಾತಿಯದೇ. ಸ್ವಲ್ಪ ಬೇರೆಯಾದ ಇಕ್ಕುಳದಿಂದ ಕಬ್ಬಿಣವನ್ನು ಹಿಡಿಯುವುದು. ಆದುದರಿಂದ ಪುಡಿಯಲ್ಲಿ ಕರ್ಕ್ಯುಮಿನ್ ಎಷ್ಟೆಂದು ಹೇಳುವ ಪಟ್ಟಿಯನ್ನು ಮಾಡುವುದು ಆಗದ ಕೆಲಸವೇನೂ ಅಲ್ಲ.

ಆದರೆ ಗೃಹಸ್ಥರು ಇಲ್ಲಿ ಎಚ್ಚರವಾಗಿರಬೇಕು. ಅರಿಶಿನದ ಬೆರಕೆಗಳಲ್ಲಿ ಎಲ್ಲಕ್ಕಿಂತ ಕ್ರೂರವಾದುದು ಸೀಸದ ಕ್ರೋಮೇಟು ಎಂಬ ಹಳದಿಯ ಬಣ್ಣ. ಸೀಸವು ಮಕ್ಕಳ ಮಿದುಳಿಗೆ ಮಾಡುವ ಕೇಡು ಸರಿಹೋಗತಕ್ಕುದಲ್ಲ. ೨೦೧೯ರಲ್ಲಿ ಬಾಂಗ್ಲಾದೇಶದ ಅರಿಶಿನವನ್ನು ಕುರಿತು ಪ್ರಕಟವಾದ ಶೋಧನೆಗಳಿಂದ, ಅಲ್ಲಿ ಕೊಂಬುಗಳಿಗೆ ಹೊಳಪು ಕೊಡುವಾಗಲೇ ಈ ಬಣ್ಣವನ್ನು ಉಜ್ಜುತ್ತಿದ್ದರೆಂಬುದು ಹೊರಬಿದ್ದಿತು. ಅಲ್ಲಿಯ ಸರ್ಕಾರದವರು ಕೈಯಲ್ಲಿ ಹಿಡಿಯುವ ಕ್ಷಕಿರಣಯಂತ್ರವನ್ನು ಪೇಟೆಗೇ ತಂದು, ಸ್ಥಳದಲ್ಲಿಯೇ ಪರೀಕ್ಷಿಸಿ ದಂಡ ಹಾಕಲಾರಂಭಿಸಿದ ಮೇಲೆ ಎರಡು ವರ್ಷಗಳೊಳಗೆ ಆ ಪಿಡುಗು ಬಹಳವಾಗಿ ಇಳಿಯಿತು. ಅಳತೆಯು ಪೇಟೆಗೆ ಬಂದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ನಮಗೆ ತಿಳಿದಿಲ್ಲ. ಈಗ ನೋಡಿರಿ: ಕರ್ಕ್ಯುಮಿನ್ನಿನ ಪಟ್ಟಿಯು ಕರ್ಕ್ಯುಮಿನ್ನನ್ನು ಮಾತ್ರ ಬಲ್ಲುದು. ಒಳ್ಳೆಯ ಅರಿಶಿನಕ್ಕೇ ಸೀಸವನ್ನು ಸವರಿದ್ದರೆ ಅದು ಒಳ್ಳೆಯ ಅಂಕಿಯನ್ನೇ ತೋರಿಸುವುದು. ಸೀಸಕ್ಕೆ ಬೇರೆ ಬಗೆಯ ವಿಚಾರಣೆ ಬೇಕು. ಅದನ್ನು ಮೊದಲು ಋಣವಿದ್ಯುತ್ತಿನಿಂದ ಅಗ್ರದ ಮೇಲೆ ಕೂಡಿಸಿಕೊಂಡು, ಆಮೇಲೆ ಕಳಚಿಸುತ್ತ ಅಳೆಯುವರು. ಎರಡು ಅಗ್ರಗಳನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸಿದವರು ನಿಜವಾದ ಉಪಕಾರಿಗಳೆನಿಸುವರು. ಬರಿಯ ಕರ್ಕ್ಯುಮಿನ್ನಿನ ಅಂಕಿಯನ್ನು ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚುಮಾಡಿ ಶುದ್ಧವೆಂದು ಮಾರುವವರಿಗೆ ನಮ್ಮ ಒಪ್ಪಿಗೆಯಿಲ್ಲ.

ಲೋಟದ ನೀರಿನಲ್ಲಿ ಒಂದು ಚಮಚ ಪುಡಿಯನ್ನು ಹಾಕಿ ನೋಡುವ ಪರೀಕ್ಷೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರದವರು ಹೇಳಿದ್ದಾರೆ. ಶುದ್ಧವಾದುದು ತಿಳಿಹಳದಿಯನ್ನು ಬಿಟ್ಟು ತಳ ಸೇರುವುದು, ಕೃತಕ ಬಣ್ಣವಿದ್ದರೆ ನೀರು ಢಾಳಾಗಿ ನಿಲ್ಲುವುದು. ಸೀಸದ ಬಣ್ಣವು ನೀರಿನಲ್ಲಿ ಕರಗತಕ್ಕುದಲ್ಲವಾದುದರಿಂದ ಈ ಪರೀಕ್ಷೆಗೆ ಸಿಕ್ಕದು. ಕೊಂಬುಗಳನ್ನು ಕೊಂಡು, ತೊಳೆದು, ಒಣಗಿಸಿ ಬೀಸಿಸಿಕೊಳ್ಳುವವರು ಕೊಳ್ಳುವ ಮೊದಲು ಒಂದನ್ನು ಮುರಿದು ನೋಡಬೇಕು. ಒಳಗಿನ ಬಣ್ಣಕ್ಕಿಂತ ಹೊರಗಿನದು ಹೆಚ್ಚು ಹಳದಿಯಾಗಿ ಹೊಳೆಯುತ್ತಿದ್ದರೆ, ಮುಟ್ಟಿದ ಬೆರಳಿಗೆ ಪುಡಿಯು ಹತ್ತುತ್ತಿದ್ದರೆ, ಅಂಥದನ್ನು ಅಂಗಡಿಯಲ್ಲಿಯೇ ಬಿಟ್ಟುಬರತಕ್ಕದ್ದು.